ತಂಗಡಿ ಬೇಲಿಯ ಜಿಗಿಹುಳು

ಆ ಹುಳು ಎಳ್ಳಿನ ಕಾಳಿಗಿಂತ ಸ್ವಲ್ಪ ಉದ್ದ. ಬಣ್ಣ ಬೂದಿ, ತಲೆಯ ಮೇಲೆ ಎರಡು ಕಪ್ಪು ಚುಕ್ಕೆ. ಬೆರಳು ಹತ್ತಿರ ತಂದರೆ ಎಲೆಯ ಅಡಿಯಲ್ಲಿ ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತದೆ. ಇನ್ನೂ ಹತ್ತಿರ ತಂದರೆ ಚಿಮ್ಮಿ ಮಾಯವಾಗುತ್ತದೆ. ಇಷ್ಟು ಸಣ್ಣ ಜೀವಿಯ ಹಿಂದೆ ನಾನು ಒಂದೂವರೆ ವರ್ಷ ಓಡಾಡಿದೆ. ಓಡಾಡಿದ್ದಕ್ಕೆ ಬೇಸರವಿಲ್ಲ, ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ. ಅದರಿಂದ ಒಬ್ಬ ಹೆಂಗಸಿನ ಬೇಲಿ ಹೋಯಿತಲ್ಲ, ಅದು ಮಾತ್ರ ಇವತ್ತಿಗೂ ನನ್ನನ್ನು ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ.

ಆಗ ಮೂವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕೃಷಿ ಇಲಾಖೆಯ ಕೀಟ ವಿಭಾಗದಲ್ಲಿ ಸಹಾಯಕನಾಗಿದ್ದೆ. ಕೋಲಾರ ಸೀಮೆಯ ಗಂಧದ ಮರಗಳಿಗೆ ಒಂದು ರೋಗ ಬಿದ್ದಿತ್ತು. ರೋಗ ತಗುಲಿದ ಮರದ ಎಲೆ ವರ್ಷದಿಂದ ವರ್ಷಕ್ಕೆ ಸಣ್ಣದಾಗಿ, ಕೊನೆಗೆ ಹುಣಸೆಯ ಎಲೆಯಷ್ಟಾಗಿ, ರೆಂಬೆಯ ತುದಿಯಲ್ಲಿ ಮುಳ್ಳಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಹೂವು ಕಾಯಿ ನಿಂತುಹೋಗುತ್ತಿತ್ತು. ಎರಡು ಮೂರು ವರ್ಷದಲ್ಲಿ ಮರವೇ ಇಲ್ಲ. ಇದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುವುದು ಯಾವುದೋ ಜಿಗಿಹುಳು ಇರಬೇಕೆಂಬ ಅನುಮಾನ ನಮ್ಮ ಸಾಹೇಬರಿಗೆ ಬಂದಿತ್ತು. ಹುಳು ಯಾವುದು, ಅದರ ವಾಸ ಎಲ್ಲಿ, ಇವೆರಡನ್ನು ಗೊತ್ತುಮಾಡಿ ಬಾ ಎಂದು ನನ್ನನ್ನು ಹೋಳೂರಿನ ಪಕ್ಕದ ಒಂದು ಹಳ್ಳಿಗೆ ಕಳಿಸಿದರು.

ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದೇ ಎಂಬ ಕಾಲ ಅದು. ಮರ ಒಣಗಿದರೆ ರೈತ ಉತ್ತರ ಹೇಳಬೇಕು, ಕಳುವಾದರೆ ರೈತ ಠಾಣೆಗೆ ಹೋಗಬೇಕು. ಹಾಗಿರುವಾಗ ಕೈಯಲ್ಲಿ ಬಲೆ, ಹೆಗಲಲ್ಲಿ ಸೀಸೆಗಳ ಚೀಲ ಹಾಕಿಕೊಂಡು ಗಂಧದ ಮರದ ಸುತ್ತ ಸುತ್ತುವ ನನ್ನನ್ನು ಊರಿನವರು ಹೇಗೆ ನಂಬುತ್ತಾರೆ? ನಾನು ಮರ ಎಣಿಸಲು ಬಂದವನು, ಹುಳ ಬರೀ ನೆಪ ಎಂದು ಮೊದಲ ವಾರವೇ ತೀರ್ಮಾನವಾಗಿತ್ತು. ನಾನು ಬರುವುದನ್ನು ಕಂಡರೆ ಜನ ಬೇಲಿಯ ಆಚೆಗೆ ತಿರುಗಿ ಕೆಮ್ಮುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಕೋಪ. ಒಂದೆರಡು ಸಲ ಬಾಯಿ ಮಾಡಿ ಇದ್ದ ಮರ್ಯಾದೆಯನ್ನೂ ಕಳೆದುಕೊಂಡೆ.

ಕೆಲಸದ ಕ್ರಮ ಹೇಳಲು ಸುಲಭ. ಗಂಧದ ಸಸಿಗಳನ್ನು ಕುಂಡದಲ್ಲಿ ಬೆಳೆಸಬೇಕು. ಗಂಧ ಒಂಟಿಯಾಗಿ ಬದುಕುವ ಗಿಡವಲ್ಲ, ಬೇರೆ ಗಿಡದ ಬೇರಿಗೆ ಬಾಯಿ ಹಾಕಿ ಹೀರುತ್ತದೆ. ಆದ್ದರಿಂದ ಪ್ರತಿ ಕುಂಡದಲ್ಲೂ ಜೊತೆಗೊಂದು ತೊಗರಿ ಗಿಡ. ರೋಗದ ರೆಂಬೆಯ ಮೇಲಿನ ಜಿಗಿಹುಳುಗಳನ್ನು ಹಿಡಿದು ಆರೋಗ್ಯದ ಸಸಿಯ ಮೇಲೆ ಬಿಟ್ಟು, ಹೊರಗಿನ ಬೇರಾವ ಹುಳುವೂ ಸೇರದಂತೆ ಮುಚ್ಚಿಡಬೇಕು. ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಸಸಿಗೆ ರೋಗ ಬಂದರೆ ಹುಳು ತಪ್ಪಿತಸ್ಥ.

ಹುಳು ಹಿಡಿಯಲು ಒಂದು ಗಾಜಿನ ಕೊಳವೆ, ಅದಕ್ಕೆ ರಬ್ಬರ್ ನಳಿಗೆ. ನಳಿಗೆಯ ತುದಿ ಬಾಯಲ್ಲಿಟ್ಟು ಸಣ್ಣಗೆ ಉಸಿರೆಳೆದುಕೊಂಡರೆ ಹುಳು ಕೊಳವೆಗೆ ಬೀಳುತ್ತದೆ. ನಡುವೆ ತೆಳ್ಳನೆಯ ಮಲ್ಲು ಬಟ್ಟೆಯ ತುಂಡು ಇರುತ್ತದೆ, ಇಲ್ಲದಿದ್ದರೆ ಹೊಟ್ಟೆಗೇ ಹೋಗುತ್ತದೆ. ಮೊದಲ ಸಲ ನೂರಕ್ಕೂ ಹೆಚ್ಚು ಹಿಡಿದು, ಸಸಿಗಳ ಮೇಲೆ ಲಾಂದ್ರದ ದೊಡ್ಡ ಗಾಜುಗಳನ್ನು ಬೋರಲು ಹಾಕಿ ಒಳಗೆ ಬಿಟ್ಟೆ. ಮೂರನೆಯ ದಿನ ಎಲ್ಲವೂ ಕಾಲು ಮೇಲೆ ಮಾಡಿ ಬಿದ್ದಿದ್ದವು. ಮತ್ತೆ ಹಿಡಿದೆ, ಮತ್ತೆ ಸತ್ತವು. ಶಿವರಾತ್ರಿಯಿಂದ ಯುಗಾದಿಯವರೆಗೆ ಇದೇ ಆಯಿತು. ಸಾಹೇಬರಿಗೆ ಬರೆಯಲು ಏನೂ ಇರಲಿಲ್ಲ. ಹುಳು ಗುರುತಿಸುವವನು ಎಂದು ಬೀಗುತ್ತಿದ್ದವನಿಗೆ ಒಂದು ಹುಳುವನ್ನು ವಾರದ ಮಟ್ಟಿಗೆ ಬದುಕಿಸಲು ಬರಲಿಲ್ಲವಲ್ಲ ಎಂದು ನಾಚಿಕೆಯಾಗುತ್ತಿತ್ತು.

ನಾನು ಕುಂಡಗಳನ್ನು ಇಟ್ಟಿದ್ದು ಊರಾಚೆಯ ಒಂದು ಹಿಪ್ಪುನೇರಳೆ ತೋಟದ ಮೂಲೆಯ ಚಪ್ಪರದಲ್ಲಿ. ಆ ತೋಟಕ್ಕೆ ಒಂದು ಹಳೆಯ ಬೇಲಿ ಇತ್ತು. ಆಳೆತ್ತರದ ಕಳ್ಳಿ, ಅದರ ನಡುವೆ ಹಳದಿ ಹೂವಿನ ತಂಗಡಿ, ಕತ್ತಾಳೆ, ಬಂದರೆ ಗಿಡ, ಅಲ್ಲಲ್ಲಿ ತಾನಾಗಿ ಎದ್ದ ಗಂಧದ ಮರಗಳು. ಅವುಗಳಲ್ಲಿ ನಾಲ್ಕಕ್ಕೆ ರೋಗ ಬಂದಿತ್ತು. ತೋಟದ ಯಜಮಾನಿ ನಲವತ್ತೈದರ ಆಸುಪಾಸಿನ ಹೆಂಗಸು. ಗಂಡ ರಾಗಿ ಹೊಲ ನೋಡಿಕೊಂಡರೆ ಈಕೆ ರೇಷ್ಮೆ ಹುಳ ಸಾಕುತ್ತಿದ್ದಳು. ಎರಡು ತಿಂಗಳು ನನ್ನ ಪಾಡು ನೋಡಿ ಸುಮ್ಮನಿದ್ದವಳು ಒಂದು ಬೆಳಿಗ್ಗೆ ಸೊಪ್ಪಿನ ಮಂಕರಿ ಇಳಿಸಿ ಚಪ್ಪರದೊಳಗೆ ಬಂದು ನಿಂತಳು.

“ಏನ್ ಸ್ವಾಮಿ, ಹಿಂಗಾ ಹುಳ ಸಾಕೋದು? ಗಾಜಲ್ಲಿ ಮುಚ್ಚಿಟ್ರೆ ಉಸಿರಾಡ್ತವಾ?”

“ನಿಮ್ಮ ರೇಷ್ಮೆ ಹುಳ ಬೇರೆ, ಇದು ಬೇರೆ ಅಮ್ಮ,” ಅಂದೆ ಗಡುಸಾಗಿ.

“ಬೇರೇನೇ ಇರ್ಲಿ. ಅದ್ಕೂ ಹೊಟ್ಟೆ ಐತೆ, ಮೂಗೈತೆ. ನಿಮ್ ಕೈ ನೋಡಿ, ಹೊಗೆಸೊಪ್ಪಿನ ವಾಸ್ನೆ ಇಲ್ಲಿಗೇ ಹೊಡೀತದೆ. ಈ ಕೈಯಲ್ಲಿ ಮುಟ್ಟಿದ್ರೆ ಯಾವ ಹುಳ ತಡೀತದೆ ಹೇಳಿ? ನಮ್ ಹುಳದ ಮನೆ ಬಾಗಿಲಿಗೂ ನಿಮ್ಮನ್ನ ಬಿಡಾಕಿಲ್ಲ ನಾನು.”

ಹಿಂದೆ ನಿಂತಿದ್ದ ಗಂಡ, “ಸರ್ಕಾರದೋರ ಕೆಲ್ಸದಾಗೆ ನಿಂಗ್ಯಾಕೆ ಬೇಕು ಉಸಾಬರಿ, ಬಾ,” ಎಂದ.

“ಊರ್ಕೋ. ನಿಂಗೇನ್ ಗೊತ್ತು,” ಎಂದು ತೆಲುಗು ಬೆರೆಸಿ ಅವನ ಬಾಯಿ ಮುಚ್ಚಿಸಿದಳು.

ಕೋಪ ಬಂತು ನಿಜ. ಆದರೆ ಮಾತು ಸರಿಯಾಗಿತ್ತು. ಹೊಗೆಸೊಪ್ಪಿನ ಕಷಾಯ ಹೊಡೆದು ಹುಳು ಕೊಲ್ಲುವುದನ್ನು ರೈತರಿಗೆ ಕಲಿಸುವುದೇ ನಮ್ಮ ಇಲಾಖೆ. ಅದೇ ಹೊಗೆಸೊಪ್ಪು ಅಗಿಯುತ್ತಾ ಅದೇ ಬಾಯಲ್ಲಿ ನಳಿಗೆ ಹಿಡಿದವನು ನಾನು. ಅವತ್ತೇ ಚೀಲದಲ್ಲಿದ್ದ ಎಲೆಯಡಿಕೆ ಸಂಚಿಯನ್ನು ಆಕೆಯ ಗಂಡನಿಗೆ ಕೊಟ್ಟುಬಿಟ್ಟೆ. ಹದಿನೈದು ದಿನ ತಲೆನೋವಿನಿಂದ ನರಳಿದೆ. ಯಾರು ಏನು ಕೇಳಿದರೂ ಎಗರಾಡುತ್ತಿದ್ದೆ.

ಗಾಜು ತೆಗೆದು ಬಿದಿರುಕಡ್ಡಿಗೆ ಮಲ್ಲು ಬಟ್ಟೆ ಹೊಲಿದು ಪಂಜರಗಳನ್ನು ಮಾಡಿಸಿದ್ದೂ ಆಕೆ ಹೇಳಿದ ಮೇಲೆಯೇ. ಅವಕ್ಕೆ ಆಕೆ ಸೊಳ್ಳೆಪರದೆ ಎಂದು ಹೆಸರಿಟ್ಟಳು. ಒಟ್ಟು ಹದಿನೈದು ಪಂಜರ. ಹತ್ತರಲ್ಲಿ ತಲಾ ಇಪ್ಪತ್ತು ಹುಳು, ಹೋಲಿಸಿ ನೋಡಲು ಐದರಲ್ಲಿ ಬರೀ ಸಸಿ. ನೀರು ಹಾಕುವುದು, ಇರುವೆ ಹತ್ತದಂತೆ ಪಂಜರಗಳಿಟ್ಟ ಮಣೆಯ ಕಾಲಡಿಯ ಬಟ್ಟಲಿಗೆ ನೀರು ತುಂಬುವುದು, ಎಲ್ಲವನ್ನೂ ಆಕೆ ತಾನಾಗಿ ವಹಿಸಿಕೊಂಡಳು. ಆಕೆಯ ಬೆರಳುಗಳನ್ನು ನೋಡಬೇಕಿತ್ತು. ರೇಷ್ಮೆಯ ಎಳೆ ಮರಿಗಳನ್ನು ಮುಟ್ಟಿ ಮುಟ್ಟಿ ಪಳಗಿದ ಕೈ. ನಾನು ಕೊಳವೆ ಹಿಡಿದು ಒದ್ದಾಡುವಷ್ಟರಲ್ಲಿ ಆಕೆ ಕೋಳಿಪುಕ್ಕದ ತುದಿಯಲ್ಲಿ ಹುಳುವನ್ನು ಎತ್ತಿ ಎಲೆಯ ಮೇಲೆ ಕೂರಿಸುತ್ತಿದ್ದಳು.

ಹುಳುಗಳು ಬದುಕಿದವು. ವಾರ ಕಳೆಯಿತು, ಎರಡು ವಾರ ಕಳೆಯಿತು, ಪ್ರತಿ ಪಂಜರದಲ್ಲೂ ಇಪ್ಪತ್ತು. ನನಗೆ ಆಕಾಶ ಕೈಗೆ ಸಿಕ್ಕಿದಂತಾಯಿತು. ಈ ಹುಳು ಬೇರೆಲ್ಲಿ ವಾಸಿಸುತ್ತದೆ ಎಂದು ಹುಡುಕುವ ಕೆಲಸ ಬಾಕಿ ಇತ್ತಲ್ಲ, ಪಂಜರಗಳನ್ನು ಆಕೆಗೆ ಒಪ್ಪಿಸಿ ಹೊರಟೆ. ಆಕೆಗೆ ಓದುಬರಹ ಇಲ್ಲ. ಪ್ರತಿ ಪಂಜರದ ಮುಂದೆ ಒಂದು ಹೆಂಚಿನ ತುಂಡು ಇಟ್ಟು, ದಿನವೂ ಬೆಳಿಗ್ಗೆ ಎಣಿಸಿ, ಇಪ್ಪತ್ತು ಇದ್ದರೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯಿರಿ ಎಂದು ಹೇಳಿದೆ.

ಮಾಲೂರಿನಲ್ಲಿ ಹದಿನೈದು ದಿನ ಬಲೆ ಬೀಸಿದೆ. ಗಂಧದ ಮರದ ಮೇಲೆ ಹುಳು ಸಿಕ್ಕಿತು, ಬೇಲಿಯ ಗಿಡಗಳಲ್ಲಿ ಸಿಗಲಿಲ್ಲ. ಅಲ್ಲಿಂದ ಮುಳಬಾಗಿಲಿಗೆ ಹೋಗಿ, ಕುರುಡುಮಲೆಯ ಗುಡ್ಡದ ಬುಡದಲ್ಲಿ ತಂಗಡಿ, ಬಂದರೆ, ಕಕ್ಕೆ, ಏನು ಕಂಡರೆ ಅದರ ಮೇಲೆ ಬೀಸಿದೆ. ಹತ್ತೆಂಟು ಜಾತಿಯ ಹುಳು ಬಿದ್ದವು, ಇದೊಂದು ಬೀಳಲಿಲ್ಲ. ತಂಗಡಿಯ ಪೊದೆಗಳು ಅಲ್ಲೆಲ್ಲ ಮೊಣಕಾಲಿನಷ್ಟೇ ಎತ್ತರ. ಯಾಕೆಂದು ಆಡು ಮೇಯಿಸುತ್ತಿದ್ದ ಒಬ್ಬ ಮುದುಕನನ್ನು ಕೇಳಿದೆ.

“ವರ್ಷಾ ವರ್ಷಾ ಕುಯ್ತಾರಲ್ಲ ಸ್ವಾಮಿ. ಚಕ್ಕೆ ಸುಲ್ಕೊಂಡು ಚರ್ಮ ಹದ ಮಾಡೋರಿಗೆ ಕೊಡ್ತಾರೆ. ದೊಡ್ಡದಾಗಾಕೆ ಯಾರ್ ಬಿಡ್ತಾರೆ ಅದನ್ನ?”

ಹೌದಲ್ಲ ಎಂದುಕೊಂಡು ಮುಂದಕ್ಕೆ ಹೋದೆ. ಆ ಮಾತನ್ನು ಅವತ್ತೇ ಬರೆದುಕೊಂಡಿದ್ದರೆ ಎಷ್ಟೋ ದಿನ ಉಳಿಯುತ್ತಿತ್ತು. ಬರೆದುಕೊಳ್ಳಲಿಲ್ಲ.

ಹೀಗೆ ಹೋಗುವುದು, ಬರುವುದು. ಬಂದಾಗಲೆಲ್ಲ ಹೆಂಚಿನ ಮೇಲೆ ಗೆರೆಗಳ ಸಾಲು. ಒಂದು ದಿನವೂ ತಪ್ಪಿಲ್ಲ. ಗೌರಿ ಹಬ್ಬದ ಹೊತ್ತಿಗೆ ಹುಳುಗಳನ್ನು ಪಂಜರದಿಂದ ತೆಗೆದು ಸ್ಪಿರಿಟ್ ತುಂಬಿದ ಸೀಸೆಗಳಿಗೆ ಹಾಕಿ, ಸಸಿಗಳನ್ನು ಮಾತ್ರ ಉಳಿಸಿಕೊಂಡೆ. ಕಾರ್ತಿಕ ಕಳೆದ ಮೇಲೆ ಒಂದು ಬೆಳಿಗ್ಗೆ ಮೂರನೆಯ ಪಂಜರದ ಸಸಿಯ ತುದಿಯ ಎಲೆ ಸಣ್ಣದಾಗಿ, ನೆಟ್ಟಗೆ ನಿಂತದ್ದು ಕಂಡಿತು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಸಂಕ್ರಾಂತಿಯೊಳಗೆ ಹತ್ತರಲ್ಲಿ ಮೂರು ಸಸಿಗಳಿಗೆ ರೋಗ ಬಂದಿತು. ಹುಳು ಬಿಡದ ಐದೂ ಸಸಿಗಳು ಹಸಿರಾಗಿ ನಗುತ್ತಿದ್ದವು. ನಾನು ಚಪ್ಪರದಲ್ಲಿ ಕೂತು ಮಗುವಿನ ಹಾಗೆ ಅತ್ತೆ. ಆಕೆ ಬೆಲ್ಲದ ಚೂರು ತಂದು ಕೈಗಿಟ್ಟು, “ಆಯ್ತಲ್ಲ ಸ್ವಾಮಿ, ಇನ್ನೇನ್ ಅಳು,” ಎಂದಳು.

ಸಾಹೇಬರು ಕೋಲಾರದಿಂದ ಮೋಟಾರಿನಲ್ಲಿ ಬಂದು ಸಸಿಗಳನ್ನು ನೋಡಿದರು. ನನ್ನ ಬೆನ್ನು ತಟ್ಟಿದರು. ಹುಳುವಿನ ಹೆಸರು ಆಮೇಲೆ ನೋಡೋಣ, ಮೊದಲು ವರದಿ ಬರೆ ಎಂದು ಅವಸರ ಮಾಡಿದರು. ಬರೆದೆ. ವಾಸಸ್ಥಳ ಎಂಬ ಕಡೆ ಬೇಲಿ ಎಂದು ಬರೆದೆ. ನಾನು ಮೊದಲು ಅದನ್ನು ಹಿಡಿದದ್ದು ಆಕೆಯ ಬೇಲಿಯಲ್ಲಿದ್ದ ಗಂಧದ ಮರದ ಮೇಲೆ. ಮರ ಇದ್ದದ್ದು ಬೇಲಿಯಲ್ಲಿ. ಹಾಗಾಗಿ ಬೇಲಿ. ಇಷ್ಟು ಸಲೀಸಾಗಿ ಬರೆದ ಆ ಒಂದು ಮಾತು ಮೇಲಕ್ಕೆ ಹೋಗಿ, ರೋಗ ಬಿದ್ದ ಗಂಧದ ಮರದ ಸುತ್ತಲಿನ ಬೇಲಿಗಳನ್ನು ಕಡಿದು ಸುಡಬೇಕು ಎಂಬ ಆದೇಶವಾಗಿ ಕೆಳಕ್ಕೆ ಬಂತು. ಮೊದಲ ಪಟ್ಟಿಯಲ್ಲಿ ಆಕೆಯ ಬೇಲಿ ಇತ್ತು. ಯುಗಾದಿ ಕಳೆದ ಮೇಲೆ ಕೆಲಸ ಶುರು.

ನನಗೆ ಕಸಿವಿಸಿಯಾಯಿತು. ರೇಷ್ಮೆ ಸಾಕುವವರಿಗೆ ಬೇಲಿ ಎಂದರೆ ಏನೆಂದು ನೋಡಿದ್ದೆನಲ್ಲ. ಆಡುಗಳಿಗೆ ಹಿಪ್ಪುನೇರಳೆಯ ಚಿಗುರು ಸಿಕ್ಕರೆ ಒಂದೇ ಹೊತ್ತಿನಲ್ಲಿ ತೋಟ ಬೋಳು. ಸೊಪ್ಪಿಲ್ಲದೆ ತಟ್ಟೆಯಲ್ಲಿನ ಹುಳ ಉಳಿಯುವುದಿಲ್ಲ. ಕಳ್ಳಿ ಆಳೆತ್ತರ ಬೆಳೆಯಲು ಹತ್ತು ವರ್ಷ ಬೇಕು. ಆದರೂ ರೋಗ ನಿಲ್ಲುವುದಾದರೆ ಒಂದು ಬೇಲಿ ಹೋಗಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಹುಳುವಿಗೆ ಹೆಸರು ಬೇಕಿತ್ತು. ಸಮುದ್ರದಾಚೆಯ ಒಬ್ಬ ತಜ್ಞರಿಗೆ ಮಾದರಿಗಳನ್ನು ಕಳಿಸಬೇಕೆಂದು ಸಾಹೇಬರು ಹೇಳಿದರು. ಈ ಜಾತಿಯ ಹುಳುಗಳಲ್ಲಿ ಹೊರಮೈ ನೋಡಿ ಹೆಸರು ಹೇಳುವುದು ಅಂದಾಜಿನ ಕೆಲಸ. ಗಂಡುಹುಳುವಿನ ಹೊಟ್ಟೆಯ ತುದಿಯನ್ನು ಕತ್ತರಿಸಿ, ಕಾಸ್ಟಿಕ್ ಪೊಟ್ಯಾಷ್ ದ್ರವದಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಬೇಕು. ಮಾಂಸ ಕರಗಿ ಜನನಾಂಗದ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಅದನ್ನು ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಂಧದ ಮರದಿಂದ ಹಿಡಿದ ಮೊದಲ ಹುಳುಗಳನ್ನು ನಾನು ಹೀಗೆ ನೋಡಿ ಚಿತ್ರ ಬರೆದಿಟ್ಟುಕೊಂಡಿದ್ದೆ. ಅದು ಕುಡುಗೋಲಿನ ಹಾಗೆ ಬಾಗಿತ್ತು. ಪಂಜರದ ಹುಳುಗಳೂ ಅವೇ ತಾನೇ ಎಂದು ಆಮೇಲೆ ನೋಡಿರಲಿಲ್ಲ.

ಕೋಲಾರದ ಕಚೇರಿಯಲ್ಲಿ ಮಧ್ಯಾಹ್ನ ಕೂತು ಮೂರನೆಯ ಪಂಜರದ ಸೀಸೆ ತೆರೆದೆ. ಮೊದಲನೆಯ ಗಂಡು, ಕುಡುಗೋಲು. ಎರಡನೆಯದು ಬೇರೆ. ತುದಿ ಎರಡಾಗಿ ಸೀಳಿ, ಬುಡದಲ್ಲಿ ಸಣ್ಣ ಹಲ್ಲುಗಳಿದ್ದವು. ಮುರಿದಿರಬೇಕೆಂದು ಮೂರನೆಯದು ನೋಡಿದೆ. ಅದೂ ಸೀಳು. ನಾಲ್ಕು, ಐದು, ಆರು, ಎಲ್ಲವೂ ಸೀಳು. ಸಂಜೆಯ ಹೊತ್ತಿಗೆ ಹತ್ತೂ ಸೀಸೆಗಳನ್ನು ನೋಡಿಯಾಗಿತ್ತು. ಪ್ರತಿಯೊಂದರಲ್ಲೂ ಎರಡು ಜಾತಿ ಬೆರೆತಿದ್ದವು. ಹೊರಗಿನಿಂದ ಒಂದೇ ಬೂದಿ ಬಣ್ಣ, ಅದೇ ಎರಡು ಚುಕ್ಕೆ. ನಾನು ಬಿಟ್ಟ ಹುಳು ಕಾಲು ಭಾಗವೂ ಇರಲಿಲ್ಲ. ಉಳಿದದ್ದೆಲ್ಲ ನಾನು ಎಂದೂ ಕಾಣದ, ಪುಸ್ತಕದಲ್ಲೂ ಇಲ್ಲದ ಹುಳು.

ಮರುದಿನ ಮೊದಲ ಬಸ್ಸಿಗೇ ಹೋಳೂರಿಗೆ ಹೋಗಿ ಹಳ್ಳಿಗೆ ನಡೆದೆ. ಆಕೆ ಮನೆಯ ಹೊರಗೆ ಸೊಪ್ಪು ಹೆಚ್ಚುತ್ತಿದ್ದಳು.

“ಅಮ್ಮ, ಸೊಳ್ಳೆಪರದೆಯೊಳಗೆ ಬೇರೆ ಹುಳ ಹೇಗೆ ಬಂತು?”

“ಬೇರೆ ಎಲ್ಲಿ ಸ್ವಾಮಿ? ಅದೇ ಹುಳ. ಎರಡು ಚುಕ್ಕೆದು.”

“ನಾನು ಬಿಟ್ಟದ್ದಲ್ಲ ಅದು. ಯಾರಾದರೂ ತೆರೆದಿದ್ದರಾ?”

“ನಾನೇ ಹಾಕಿದ್ದು. ಕಮ್ಮಿ ಆಗ್ತಿತ್ತಲ್ಲ, ತುಂಬಿಸ್ದೆ.”

ಅಲ್ಲೇ ಜಗಲಿಯ ಮೇಲೆ ಕೂತೆ. ಆಕೆ ಏನೂ ಮುಚ್ಚಿಡಲಿಲ್ಲ. ಯಾಕೆ ಮುಚ್ಚಿಡಬೇಕು? ಆಕೆಯ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ರೇಷ್ಮೆ ಸಾಕುವ ಆ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಯಲ್ಲಾದರೂ ಹುಳಕ್ಕೆ ರೋಗ ಬಂದು ತಟ್ಟೆ ಬರಿದಾದರೆ ಪಕ್ಕದವರು ತಮ್ಮ ತಟ್ಟೆಯಿಂದ ಒಂದು ಹಿಡಿ ಹುಳ ತಂದು ತುಂಬಿಸುತ್ತಿದ್ದರು. ಬರಿದಾದ ತಟ್ಟೆ ಮನೆಯಲ್ಲಿ ಇರಬಾರದು. ತಂದವರು ಹೇಳಿಕೊಳ್ಳಬಾರದು, ಪಡೆದವರು ಕೇಳಬಾರದು. ಹುಳ ಸತ್ತಿತು ಎಂಬ ಮಾತನ್ನಂತೂ ಹುಳದ ಮನೆಯಲ್ಲಿ ಆಡುವಂತೆಯೇ ಇಲ್ಲ. ನನ್ನ ಚಪ್ಪರವನ್ನೂ ಆಕೆ ಹುಳದ ಮನೆ ಎಂದೇ ತಿಳಿದಿದ್ದಳು. ಎಷ್ಟು ಸತ್ತವು ಎಂದು ನಾನೂ ಒಂದು ದಿನ ಕೇಳಿರಲಿಲ್ಲ. ಬೆಳಿಗ್ಗೆ ಬಂದು ನೋಡುವಳು, ಹದಿನಾಲ್ಕಿದ್ದರೆ ಆರು ತಂದು ಬಿಡುವಳು, ಎಣಿಸಿ ಇಪ್ಪತ್ತಾದ ಮೇಲೆ ಗೆರೆ ಎಳೆಯುವಳು.

“ಎಲ್ಲಿಂದ ತರ್ತಿದ್ರಿ?”

“ತಂಗಡಿಯಿಂದ. ಗಂಧದ ರೆಂಬೆ ಎತ್ರ, ನಂಗೆ ಎಟುಕಲ್ಲ. ತಂಗಡಿ ಎಲೆ ಕೆಳ್ಗಡೆ ಬೇಕಾದಷ್ಟು ಕೂತಿರ್ತವೆ. ಯಾಕ್ ಸ್ವಾಮಿ, ಮಖ ಹಂಗ್ ಮಾಡ್ಕೊಂಡ್ರಿ? ಕೊಟ್ಟಿದ್ದು ಕಮ್ಮಿ ಆಯ್ತಾ?”

“ಇಲ್ಲಮ್ಮ. ಕಮ್ಮಿ ಆಗಲಿಲ್ಲ,” ಅಂದೆ.

ಬೇಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಕಳ್ಳಿಯ ನಡುವೆ ಸಿಕ್ಕಿಕೊಂಡ ತಂಗಡಿ, ತೋಳಿನಷ್ಟು ದಪ್ಪದ ಕಾಂಡ. ಕಳ್ಳಿಯ ಮುಳ್ಳಿಗೆ ಹೆದರಿ ಚಕ್ಕೆ ಸುಲಿಯುವವರು ಅಲ್ಲಿಗೆ ಕೈ ಹಾಕಿರಲಿಲ್ಲ. ಎಲೆ ಮಗುಚಿದರೆ ಸಾಲಾಗಿ ಕೂತಿದ್ದ ಬೂದಿ ಹುಳುಗಳು. ಭೂತಗನ್ನಡಿ ಹಿಡಿದು ಕಾಂಡ ನೋಡಿದೆ. ಹಳೆಯ ತೊಗಟೆಯಲ್ಲಿ ಸಣ್ಣ ಸಣ್ಣ ಸೀಳು, ಸೀಳಿನೊಳಗೆ ಮೊಟ್ಟೆ. ಎಳೆಯ ರೆಂಬೆಯಲ್ಲಿ ಒಂದೂ ಇಲ್ಲ. ಕುರುಡುಮಲೆಯಲ್ಲಿ ಯಾಕೆ ಸಿಗಲಿಲ್ಲ ಎಂದು ಆಗ ಹೊಳೆಯಿತು. ವರ್ಷ ವರ್ಷ ಕುಯ್ಯುವ ತಂಗಡಿಯಲ್ಲಿ ಇದು ಮೊಟ್ಟೆಯಿಡಲಾರದು. ಯಾರೂ ಮುಟ್ಟದ ಹಳೆಯ ತಂಗಡಿ ಬೇಕು, ಅದು ಉಳಿಯಬೇಕಾದರೆ ಸುತ್ತ ಕಳ್ಳಿ ಬೇಕು. ಮೂರು ತಾಲ್ಲೂಕು ಸುತ್ತಿ ಹುಡುಕಿದ ವಾಸಸ್ಥಳ ನಾನು ದಿನಾ ಛತ್ರಿ ತೂಗುಹಾಕುತ್ತಿದ್ದ ಬೇಲಿಯಲ್ಲೇ ಇತ್ತು.

ಈ ಹುಳು ಗಂಧವನ್ನು ತಿನ್ನುತ್ತದೆಯೇ? ತಂಗಡಿಯಿಂದ ನಲವತ್ತು ಹಿಡಿದು, ಅರ್ಧವನ್ನು ಗಂಧದ ಸಸಿಯ ಮೇಲೆ, ಅರ್ಧವನ್ನು ತಂಗಡಿಯ ರೆಂಬೆಯ ಮೇಲೆ ಪಂಜರದಲ್ಲಿ ಬಿಟ್ಟು ನಾನೇ ಪಕ್ಕದಲ್ಲಿ ಕೂತೆ. ಗಂಧದ ಮೇಲಿನವು ಒಂದು ಸಲವೂ ಮೂತಿ ಊರಲಿಲ್ಲ. ಬಟ್ಟೆಯ ಮೇಲೆ ಹತ್ತಿ ಇಳಿದು ಮೂರನೆಯ ದಿನಕ್ಕೆ ಎಲ್ಲವೂ ಸತ್ತವು. ತಂಗಡಿಯ ಮೇಲಿನವು ಹಾಯಾಗಿದ್ದವು. ಅಂದರೆ ರೋಗ ಹಚ್ಚಿದ್ದು ಇದಲ್ಲ. ಹಚ್ಚಿದ್ದರೆ ಗಂಧದ ಮರದ ನೆತ್ತಿಯಲ್ಲಿ ಇರುವ ಆ ಇನ್ನೊಂದು ಹುಳು. ಅದಕ್ಕೆ ಬೇಲಿಯ ಗೊಡವೆಯೇ ಇಲ್ಲ. ಬೇಲಿ ಕಡಿದು ಸುಟ್ಟರೆ ರೋಗ ನಿಲ್ಲುವುದಿಲ್ಲ, ಈ ಬಡಪಾಯಿ ಹುಳುವಿನ ವಂಶ ನಿಲ್ಲುತ್ತದೆ. ಆಕೆಯ ತೋಟವೂ ಹೋಗುತ್ತದೆ.

ಯುಗಾದಿಗೆ ಹನ್ನೊಂದು ದಿನ ಇತ್ತು. ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಪಂಜರವನ್ನು ಇನ್ನೊಬ್ಬರಿಗೆ ಒಪ್ಪಿಸಿ ಊರು ಸುತ್ತಿದೆ ಎಂದು ಬರೆದರೆ ಕೆಲಸವೇ ಹೋಗಬಹುದಿತ್ತು. ಒಂದು ದಿನವಿಡೀ ಯೋಚಿಸಿದೆ. ಕೊನೆಗೆ ಮೊದಲ ವರದಿ ತಪ್ಪು, ಹುಳು ಬೆರೆತದ್ದು ನನ್ನ ಅಜಾಗರೂಕತೆಯಿಂದ, ಬೇಲಿ ಕಡಿಯುವುದನ್ನು ನಿಲ್ಲಿಸಬೇಕು ಎಂದು ಬರೆದೆ. ಆಕೆಯ ಸುದ್ದಿಯನ್ನೇ ಎತ್ತಲಿಲ್ಲ. ಅಂಚೆಯನ್ನು ನಂಬದೆ ನಾನೇ ಕೋಲಾರಕ್ಕೆ ಹೋಗಿ ಸಾಹೇಬರ ಕೈಗೆ ಕೊಟ್ಟೆ.

ಅವರು ಎರಡು ಸಲ ಓದಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಲ್ಲಯ್ಯಾ, ನಿನ್ನ ಒಂದು ಕಾಗದಕ್ಕೆ ಬೆಂಗಳೂರಿನಲ್ಲಿ ಐದು ಕಾಗದ ಹುಟ್ಟಿವೆ. ಐದಕ್ಕೂ ದೊಡ್ಡವರ ರುಜು ಬಿದ್ದಿದೆ. ಈಗ ಹೋಗಿ, ನಮ್ಮ ಹುಳು ಅದಲ್ಲ ಅಂತ ಹೇಳಲಾ?”

“ಹೇಳಬೇಕು ಸಾರ್. ಬೇಲಿಗೂ ರೋಗಕ್ಕೂ ಸಂಬಂಧವಿಲ್ಲ.”

“ಸಂಬಂಧವಿಲ್ಲ ಅಂತ ಒಂದು ವಾರದ ಕೆಲಸದಲ್ಲಿ ಹೇಳ್ತೀಯ. ಇದೆ ಅಂತ ಒಂದು ವರ್ಷದ ಕೆಲಸದಲ್ಲಿ ಹೇಳಿದ್ದೆ. ಯಾವುದನ್ನು ನಂಬಲಿ?”

ಅವರು ಕೆಟ್ಟವರಲ್ಲ. ಕಾಗದವನ್ನು ಮೇಲಕ್ಕೆ ಕಳಿಸುತ್ತೇನೆ ಎಂದರು, ಕಳಿಸಿದರು ಕೂಡ. ಅದಕ್ಕೆ ಉತ್ತರ ಬಂದಿದ್ದು ಮಳೆಗಾಲದಲ್ಲಿ, ನೋಡಲಾಗಿದೆ ಎಂದು. ಕೂಲಿಯವರು ಕುಡುಗೋಲು ಮಚ್ಚು ಹಿಡಿದು ಬಂದಿದ್ದು ಯುಗಾದಿಯ ಮರು ವಾರ.

ಅವರು ಬರುವ ಮುಂಚಿನ ದಿನಗಳಲ್ಲಿ ನಾನು ಮಾಡಿದ್ದು ಇಷ್ಟೇ. ಸಿಕ್ಕಷ್ಟು ಹುಳು ಹಿಡಿದು, ಕಾಗದದ ಸಣ್ಣ ತ್ರಿಕೋನಗಳಿಗೆ ಗೋಂದಿನಲ್ಲಿ ಅಂಟಿಸಿ, ಚೀಟಿ ಬರೆದು, ತಜ್ಞರಿಗೆ ಒಂದು ಪೆಟ್ಟಿಗೆ ಕಳಿಸಿದೆ. ಉಳಿದ ಬೇಲಿಗಳಲ್ಲಿ ಹಳೆಯ ತಂಗಡಿ ಇದೆಯೇ ಎಂದು ಶ್ರೀನಿವಾಸಪುರದವರೆಗೂ ನಡೆದೆ. ಮಾವಿನ ತೋಪುಗಳ ಸುತ್ತ ಕಳ್ಳಿ ಇತ್ತು, ತಂಗಡಿ ಇರಲಿಲ್ಲ. ಬೇಲಿ ಯಾಕೆ ಕಡಿಯುತ್ತಾರೆ ಎಂದು ಆಕೆಗೆ ಹೇಳಬೇಕೆಂದು ದಿನಾ ಹೋಗುತ್ತಿದ್ದೆ, ದಿನಾ ಬೇರೆ ಏನೋ ಮಾತಾಡಿ ಬರುತ್ತಿದ್ದೆ. ಆ ಹೇಡಿತನಕ್ಕೆ ನನ್ನ ಮೇಲೆ ನನಗೇ ಅಸಹ್ಯ.

ಕಡಿಯುವ ದಿನ ಕಳ್ಳಿಯ ಹಾಲು ಕಣ್ಣಿಗೆ ಬಿದ್ದೀತೆಂದು ಕೂಲಿಯವರು ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಮಧ್ಯಾಹ್ನದೊಳಗೆ ತೋಟ ಬಯಲಿಗೆ ಬಿದ್ದಿತ್ತು. ಬೆಂಕಿ ಹಚ್ಚಿದರು. ಹಸಿ ಕಳ್ಳಿ ಉರಿಯದೆ ಹೊಗೆಯಾಡಿತು, ತಂಗಡಿ ಚಟಚಟ ಉರಿಯಿತು. ಆಕೆಯ ಗಂಡ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಆಕೆ ನನ್ನ ಹತ್ತಿರ ಬಂದಳು.

“ಸ್ವಾಮಿ, ನಿಜ ಹೇಳಿ. ನಾನು ಹುಳ ತುಂಬಿಸಿದ್ದಕ್ಕೇನಾ ಬೇಲಿ ಹೋಗಿದ್ದು?”

“ಅಲ್ಲಮ್ಮ.”

“ಮತ್ಯಾಕೆ?”

“ನಾನು ಬರೆದದ್ದಕ್ಕೆ. ಬೇಲಿಯಲ್ಲಿ ರೋಗದ ಹುಳ ಇದೆ ಅಂತ ಬರೆದಿದ್ದೆ. ಅದು ತಪ್ಪು ಅಂತ ಆಮೇಲೆ ಬರೆದೆ. ಎರಡನೇದನ್ನ ಯಾರೂ ಕೇಳಲಿಲ್ಲ.”

ಆಕೆ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟರಲ್ಲಿ ಹೊಗೆಯ ಆಚೆಯಿಂದ ಏಳೆಂಟು ಆಡುಗಳು ತೋಟದೊಳಕ್ಕೆ ಕಾಲಿಟ್ಟಿದ್ದವು. ನೆಲದಲ್ಲಿ ಬಿದ್ದಿದ್ದ ಒಂದು ಬಂದರೆ ಕೋ‌ಲನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

“ಹಂಗಾದ್ರೆ ನೀವೇ ಕಾಯ್ರಿ. ನಾನು ಹೋಗಿ ಹುಳಕ್ಕೆ ಸೊಪ್ಪು ಹಾಕ್ಬೇಕು. ನಾಲ್ಕನೇ ಜ್ವರದಿಂದ ಎದ್ದವೆ, ಹಸ್ಕೊಂಡವೆ.”

ಜ್ವರವೆಂದರೆ ಹುಳ ಪೊರೆ ಬಿಡುವ ಹೊತ್ತು, ಅದಾದ ಮೇಲೆ ಅವಕ್ಕೆ ಹಸಿವು ಹೆಚ್ಚು. ಮೂರು ದಿನ ನಾನು ಆ ತೋಟ ಕಾದೆ. ಒಂದು ಕಡೆ ಓಡಿಸಿದರೆ ಆಡುಗಳು ಇನ್ನೊಂದು ಕಡೆಯಿಂದ ನುಗ್ಗುತ್ತಿದ್ದವು. ಇಲಾಖೆಯ ಮನುಷ್ಯ ಆಡು ಅಟ್ಟುವುದನ್ನು ನೋಡಲು ಊರಿನವರು ಬಂದು ನಿಲ್ಲುತ್ತಿದ್ದರು. ಅರ್ಧ ತೋಟ ಉಳಿಸಿದೆ. ನಾಲ್ಕನೆಯ ದಿನ ಮಾಲೂರಿಗೆ ಹೊರಡಬೇಕೆಂದು ಆದೇಶ ಬಂತು, ಅಲ್ಲಿನ ಬೇಲಿಗಳನ್ನು ಗುರುತಿಸಿ ಕೊಡಲು. ಆಗುವುದಿಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ. ಮನೆಯಲ್ಲಿ ಐದು ಬಾಯಿಗಳಿದ್ದವು. ಹೋದೆ.

ಯುದ್ಧ ಶುರುವಾಗಿ ಅಂಚೆ ಎಲ್ಲೆಲ್ಲೋ ಸುತ್ತಿ ಬರುವ ಕಾಲ. ತಜ್ಞರ ಉತ್ತರ ಕೈಗೆ ಸಿಗಲು ಒಂದೂವರೆ ವರ್ಷ ಹಿಡಿಯಿತು. ಹುಳು ಹೊಸ ಜಾತಿ, ಲೋಕದಲ್ಲಿ ಬೇರೆಲ್ಲೂ ದಾಖಲಾಗಿಲ್ಲ, ದಾರಿಯಲ್ಲಿ ಪೆಟ್ಟಿಗೆ ಒದ್ದೆಯಾಗಿ ಬಹುಪಾಲು ಹಾಳಾಗಿವೆ, ಹೆಸರು ಕೊಡಬೇಕಾದರೆ ಅದೇ ಸ್ಥಳದಿಂದ ಇನ್ನೊಂದು ಇಪ್ಪತ್ತು ಮಾದರಿ ಬೇಕು ಎಂದು ಬರೆದಿದ್ದರು. ಅವತ್ತೇ ಹೊರಟೆ. ಆ ವರ್ಷ ಮಳೆ ಜೋರು. ಕೆರೆ ಕೋಡಿ ಹರಿದು ದಾರಿ ಮುಳುಗಿತ್ತು, ಬಸ್ಸು ಅರ್ಧದಲ್ಲೇ ನಿಂತು ಪಂಚೆ ಎತ್ತಿಕಟ್ಟಿ ನಡೆದೆ.

ತೋಟವಿದ್ದಲ್ಲಿ ರಾಗಿ ಪೈರು ನಿಂತಿತ್ತು. ಆಕೆ ಕಳೆ ಕೀಳುತ್ತಿದ್ದಳು. ಅಂಚಿನಲ್ಲಿ ಯಾರೋ ಗೇಣುದ್ದದ ಕಳ್ಳಿ ತುಂಡುಗಳನ್ನು ಸಾಲಾಗಿ ನೆಟ್ಟಿದ್ದರು. ನಾನು ಕೇಳುವ ಮುಂಚೆಯೇ ತಲೆಯಾಡಿಸಿದಳು.

“ಇಲ್ಲ ಸ್ವಾಮಿ. ನಾನೂ ಹುಡುಕ್ತಾನೇ ಇದ್ದೀನಿ. ಎಲ್ಲೋ ಒಂದು ತಂಗಡಿ ಗಿಡ ಕಂಡ್ರೆ ಎಲೆ ಮಗಚಿ ನೋಡ್ತೀನಿ. ಕಾಣ್ಲಿಲ್ಲ. ಕಂಡಿದ್ರೆ ಕಾರ್ಡ್ ಬರೆಸ್ತಿದ್ದೆ.”

ಕೋಲಾರಕ್ಕೆ ಬಂದು ಉತ್ತರದ ಕರಡು ಬರೆದೆ. ಆ ಸ್ಥಳದಲ್ಲಿ ಈ ಹುಳು ಈಗ ಸಿಗುವುದಿಲ್ಲ, ಕಾರಣ ನನ್ನ ತಪ್ಪು ವರದಿಯ ಮೇಲೆ ಅದರ ಬೇಲಿಯನ್ನು ಕಡಿದು ಸುಡಲಾಯಿತು ಎಂದು. ಸಾಹೇಬರು ಕೆಂಪು ಶಾಯಿಯ ಲೇಖನಿ ತೆಗೆದುಕೊಂಡು ಕಾರಣ ಎಂಬ ಪದದ ಮುಂದಿನದನ್ನೆಲ್ಲ ಹೊಡೆದು, ಮಳೆಯ ಅಭಾವ ಎಂದು ಬರೆದು, ಕರಡನ್ನು ನನ್ನ ಕಡೆಗೆ ತಳ್ಳಿದರು. ನನ್ನ ಪಂಚೆ ಇನ್ನೂ ಒದ್ದೆಯಿತ್ತು. ಅವರು ನನ್ನ ಮುಖ ನೋಡಲಿಲ್ಲ. ಶುದ್ಧಪ್ರತಿ ಬರೆದವನು ನಾನೇ.